ಕುಡುಗೋಲು ಕಣರೋಗ ಮತ್ತು ಪುಪ್ಪುಸದ ರಕ್ತದೊತ್ತಡ

ಸುಗ್ಗಿಯ ದಿನಗಳಲ್ಲಿ ಅರಕೇರಿಯ ಸುತ್ತಲಿನ ಹೊಲಗಳಿಗೆ ಹೋದ ಯಾವ ವಿದ್ಯಾರ್ಥಿಗೂ ಕುಡುಗೋಲು ಅಪರಿಚಿತವಲ್ಲ. ‘ಕುಡು’ ಎಂದರೆ ಬಾಗಿದುದು, ವಕ್ರವಾದುದು. ಅದರ ಮುಂದೆ ‘ಕೋಲು’ ಶಬ್ದವು ಬಂದಾಗ ಕಕಾರಕ್ಕೆ ಗಕಾರವು ಆದೇಶವಾಗಿ ‘ಕುಡುಗೋಲು’ ಎಂಬ ಸಮಾಸಪದವು ಸಿದ್ಧಿಸಿತು. ಬಾಗಿದ ಕೋಲೇ ಕುಡುಗೋಲು. ಮನುಷ್ಯನ ರಕ್ತದಲ್ಲಿರುವ ಕೆಂಪು ಕಣವು ತನ್ನ ದುಂಡಗಿನ ರೂಪವನ್ನು ಬಿಟ್ಟು ಇದೇ ಆಕಾರಕ್ಕೆ ಬಾಗುವ ಒಂದು ರೋಗವುಂಟು. ಇಂಗ್ಲಿಷಿನಲ್ಲಿ ‘ಸಿಕಲ್ ಸೆಲ್’ ಎಂದು ಹೆಸರಾದ ಈ ವ್ಯಾಧಿಯನ್ನು ಕನ್ನಡದಲ್ಲಿ ಕುಡುಗೋಲು ಕಣರೋಗವೆಂದು ಕರೆಯುವರು.

ಈ ರೋಗವನ್ನು ಬಲ್ಲವರು ಮೊದಲು ಹೇಳುವುದು ಅದರ ನೋವಿನ ಮಾತನ್ನು. ಕೈಕಾಲು, ಬೆನ್ನು, ಎದೆಗಳ ಎಲುಬಿನೊಳಗಿಂದ ಏಳುವ ಆ ವೇದನೆಯು ರೋಗಿಯನ್ನು ಚೀರಿಸುವುದು. ಮನೆಯವರು ಹಗಲುರಾತ್ರಿಯೆನ್ನದೆ ಅವನನ್ನು ದವಾಖಾನೆಗೆ ಹೊತ್ತು ತರುವರು. ಆದರೆ ಇದೇ ರೋಗವು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುವ ಇನ್ನೊಂದು ಕೇಡುಂಟು. ಹೃದಯದಿಂದ ಪುಪ್ಪುಸಗಳಿಗೆ, ಅಂದರೆ ಶ್ವಾಸಕೋಶಗಳಿಗೆ, ರಕ್ತವನ್ನೊಯ್ಯುವ ನಾಳಗಳಲ್ಲಿ ಒತ್ತಡವು ಏರುತ್ತ ಹೋಗುವುದೇ ಆ ಕೇಡು. ವೈದ್ಯರು ಇದನ್ನು ‘ಪಲ್ಮನರಿ ಹೈಪರ್‌ಟೆನ್ಷನ್’ ಎನ್ನುವರು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಮಾನ್ಯ ರಕ್ತದೊತ್ತಡಕ್ಕೂ ಇದಕ್ಕೂ ವ್ಯತ್ಯಾಸವಿದೆ. ತೋಳಿನಲ್ಲಿ ಒತ್ತಡವು ಸರಿಯಾಗಿಯೇ ಇದ್ದು ಪುಪ್ಪುಸದಲ್ಲಿ ಮಾತ್ರ ಏರಿರಬಹುದು. ನೋವು ಕೂಗಿ ಹೇಳುವ ರೋಗಲಕ್ಷಣ. ಪುಪ್ಪುಸದ ಒತ್ತಡವಾದರೋ ಏದುಸಿರಿನ ರೂಪದಲ್ಲಿ ಮೆಲ್ಲನೆ ಬರುವುದು, ವಿಚಾರಿಸಿ ಕೇಳಿದವರಿಗೆ ಮಾತ್ರ ತಿಳಿಯುವುದು. ಆದುದರಿಂದ ಅದನ್ನು ಕುರಿತು ಅರಿತಿರುವುದು ವೈದ್ಯರಿಗಷ್ಟೇ ಅಲ್ಲ, ಜನಸಾಮಾನ್ಯರಿಗೂ ಅವಶ್ಯಕವಾಗಿದೆ.

ಕಣವು ಬಾಗುವ ಬಗೆ

ಸ್ವಸ್ಥವಾದ ಕೆಂಪು ರಕ್ತಕಣವು ದುಂಡಗೆ, ನಡುವೆ ತಗ್ಗಾಗಿ, ಮೆತ್ತಗಿರುವುದು. ಅದರ ವ್ಯಾಸವು ಸುಮಾರು 7ರಿಂದ 8 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತನಗಿಂತ ಇಕ್ಕಟ್ಟಾದ ಲೋಮನಾಳಗಳಲ್ಲಿಯೂ ಮಡಿಚಿಕೊಂಡು ನುಸುಳಿ ಹೋಗುವ ಶಕ್ತಿ ಅದಕ್ಕುಂಟು. ಈ ಕಣದೊಳಗೆ ತುಂಬಿರುವ ಹಿಮೋಗ್ಲೋಬಿನ್ ಎಂಬ ವಸ್ತುವೇ ಪುಪ್ಪುಸಗಳಲ್ಲಿ ಆಮ್ಲಜನಕವನ್ನು ಹೊತ್ತುಕೊಂಡು ದೇಹದ ಮೂಲೆಮೂಲೆಗೂ ಹಂಚುವುದು.

ಹಿಮೋಗ್ಲೋಬಿನ್ ಅಣುವಿನಲ್ಲಿ ಎರಡು ಬಗೆಯ ಸರಪಳಿಗಳಿವೆ. ಅವುಗಳಲ್ಲಿ ಬೀಟಾ ಎಂಬ ಸರಪಳಿಯು 146 ಅಮೈನೋ ಆಮ್ಲಗಳಿಂದಾದುದು. ಆ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕು. ಈ ರೋಗದಲ್ಲಿ ಅಲ್ಲಿ ವ್ಯಾಲೀನ್ ಎಂಬುದು ಬಂದು ಕುಳಿತಿರುವುದು. ವ್ಯತ್ಯಾಸವು ಇಷ್ಟೇ. ಆದರೆ ಒಂದಕ್ಷರ ಪಲ್ಲಟವಾದರೆ ‘ಕಣ’ವು ‘ಹಣ’ವಾಗಿ ಅರ್ಥವೇ ಬೇರೆಯಾಗುವಂತೆ, ಈ ಒಂದು ಪಲ್ಲಟದಿಂದ ಅಣುವಿನ ಗುಣವೇ ಬೇರೆಯಾಗುವುದು. ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಇಂತಹ ಅಣುಗಳು ಒಂದಕ್ಕೊಂದು ಅಂಟಿ ನೀಳವಾದ ಎಳೆಗಳಾಗುವುವು. ಎಳೆಗಳು ಒಳಗಿನಿಂದ ನೂಕಿದಾಗ ಮೆತ್ತಗಿದ್ದ ಕಣವು ಬಿರುಸಾಗಿ ಕುಡುಗೋಲಿನಂತೆ ಬಾಗುವುದು.

ಬಾಗಿದ ಕಣದಿಂದ ಎರಡು ಅನರ್ಥಗಳು ಹುಟ್ಟುವುವು. ಮೊದಲನೆಯದು ತಡೆ. ಮಡಿಚಿಕೊಳ್ಳಲಾರದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಓಟವನ್ನು ನಿಲ್ಲಿಸುವುವು. ನೋವಿಗೆ ಮೂಲ ಇದೇ. ಎರಡನೆಯದು ಒಡೆತ. ಸ್ವಸ್ಥ ಕಣದ ಆಯುಷ್ಯವು ಸುಮಾರು 120 ದಿನಗಳು. ರೋಗಗ್ರಸ್ತ ಕಣವು 10ರಿಂದ 20 ದಿನಗಳಲ್ಲಿಯೇ ಒಡೆದುಹೋಗುವುದು. ಇದರಿಂದ ರಕ್ತಹೀನತೆ ಬರುವುದಲ್ಲದೆ, ಕಣದೊಳಗಿದ್ದ ಹಿಮೋಗ್ಲೋಬಿನ್ ರಕ್ತದ್ರವದಲ್ಲಿ ಚೆಲ್ಲಿಹೋಗುವುದು. ಪುಪ್ಪುಸದ ಒತ್ತಡದ ಕಥೆಯು ಮುಖ್ಯವಾಗಿ ಈ ಎರಡನೆಯ ಅನರ್ಥದಿಂದ ಆರಂಭವಾಗುವುದು.

ರೋಗವು ಅನುವಂಶಿಕವಾದುದು, ಸೋಂಕಿನಿಂದ ಹರಡತಕ್ಕದ್ದಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡೂ ಜೀನುಗಳು ದೋಷಯುಕ್ತವಾಗಿ ಬಂದ ಮಗುವಿಗೆ ರೋಗವು ಬರುವುದು. ಒಂದೇ ದೋಷಯುಕ್ತ ಜೀನು ಬಂದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಬಾಳುವರು. ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವವು ನೂರಕ್ಕೆ 25, ವಾಹಕವಾಗುವ ಸಂಭವವು 50, ಎರಡೂ ಇಲ್ಲದಿರುವ ಸಂಭವವು 25. ಮೊದಲ ಮಗುವಿಗೆ ರೋಗವಿದ್ದರೆ ಮುಂದಿನ ಮೂವರು ಸುರಕ್ಷಿತರೆಂದು ಭಾವಿಸುವುದು ತಪ್ಪು ಲೆಕ್ಕ. ಪ್ರತಿ ಸಲವೂ ಲೆಕ್ಕವು ಹೊಸದಾಗಿ ಆರಂಭವಾಗುವುದು.

ಮೊದಲನೆಯ ರೋಗಿಯ ಏದುಸಿರು

ಈ ರೋಗವನ್ನು ವೈದ್ಯಶಾಸ್ತ್ರದಲ್ಲಿ ಮೊದಲು ವರ್ಣಿಸಿದವರು ಅಮೆರಿಕದ ಶಿಕಾಗೋ ನಗರದ ಜೇಮ್ಸ್ ಹೆರಿಕ್. 1910ರಲ್ಲಿ ಅವರು ಪ್ರಕಟಿಸಿದ ಲೇಖನದ ರೋಗಿಯು ಗ್ರೆನೆಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಬಂದಿದ್ದ ತರುಣ. ಅವನ ರಕ್ತದಲ್ಲಿ ಕುಡುಗೋಲಿನಾಕಾರದ ಕಣಗಳು ಕಂಡವು. ಅದೇ ಲೇಖನದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ತರುಣನಿಗೆ ಸುಮಾರು ಒಂದು ವರ್ಷದಿಂದ ಎದೆಬಡಿತವೂ ಏದುಸಿರೂ ಇದ್ದುವು. ಅತಿಯಾಗಿ ಧೂಮಪಾನ ಮಾಡುವುದರಿಂದ ಹೀಗಾಗುತ್ತಿದೆಯೆಂದು ಅವನು ತಿಳಿದಿದ್ದನು. ವ್ಯಾಸಂಗ ಮುಗಿಸಿ ಸ್ವದೇಶಕ್ಕೆ ಮರಳಿ ದಂತವೈದ್ಯನಾದ ಅವನು 1916ರಲ್ಲಿ ನ್ಯುಮೋನಿಯಾದಿಂದ ಮೃತನಾದನು. ಈ ರೋಗದ ಚರಿತ್ರೆಯ ಮೊದಲ ರೋಗಿಯೇ ತನ್ನ ಏದುಸಿರಿಗೆ ಬೇರೊಂದು ಕಾರಣವನ್ನು ಹಚ್ಚಿಕೊಂಡಿದ್ದನೆಂಬುದು ಇಂದಿಗೂ ಪಾಠವಾಗತಕ್ಕ ಮಾತು.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ಹಿಮೋಗ್ಲೋಬಿನ್ ಅಣುವಿನಲ್ಲಿಯೇ ದೋಷವಿರುವುದನ್ನು ತೋರಿಸಿದರು. ಆ ದೋಷವು ಒಂದೇ ಅಮೈನೋ ಆಮ್ಲದ ಬದಲಾವಣೆಯೆಂಬುದನ್ನು ವರ್ನನ್ ಇಂಗ್ರಾಂ 1957ರ ಹೊತ್ತಿಗೆ ನಿಶ್ಚಯಿಸಿದರು. ಈ ನಡುವೆ 1954ರಲ್ಲಿ ಆಂತೊನಿ ಅಲಿಸನ್ ಎಂಬ ವಿಜ್ಞಾನಿಯು, ವಾಹಕರಾದವರಿಗೆ ಮಲೇರಿಯಾದ ಉಗ್ರ ರೂಪದಿಂದ ರಕ್ಷಣೆ ದೊರೆಯುವುದನ್ನು ಆಫ್ರಿಕದಲ್ಲಿ ಕಂಡುಹಿಡಿದರು. ಮಲೇರಿಯಾವಿದ್ದ ಕಾಡುಗಳಲ್ಲಿ ತಲೆತಲಾಂತರ ವಾಸವಾಗಿದ್ದ ಜನರಲ್ಲಿ ಈ ಜೀನು ಉಳಿದು ಬಂದುದಕ್ಕೆ ಕಾರಣ ಇದೇ. ಒಂದು ಕಾಲದಲ್ಲಿ ಪೂರ್ವಿಕರನ್ನು ಕಾಪಾಡಿದ ಗುಣವೇ ಎರಡೂ ಕಡೆಯಿಂದ ಬಂದಾಗ ಮಕ್ಕಳಿಗೆ ರೋಗವಾಯಿತು. ಆದುದರಿಂದ ಈ ರೋಗವನ್ನು ಪಾಪದ ಫಲವೆಂದಾಗಲಿ, ಕುಲಕ್ಕೆ ಅಂಟಿದ ಕಳಂಕವೆಂದಾಗಲಿ ಎಣಿಸುವುದು ಅಜ್ಞಾನ.

ಕರ್ನಾಟಕದ ಬೆಟ್ಟಗಳಲ್ಲಿ

ಭಾರತದಲ್ಲಿ ಈ ಜೀನನ್ನು ಮೊದಲು ಗುರುತಿಸಿದ್ದು 1952ರಲ್ಲಿ. ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಶ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರ ರಕ್ತವನ್ನು ಪರೀಕ್ಷಿಸಿ ಅದನ್ನು ಕಂಡರು. ನೀಲಗಿರಿಗೆ ಹೊಂದಿಕೊಂಡೇ ಕರ್ನಾಟಕದ ಚಾಮರಾಜನಗರ ಜಿಲ್ಲೆಯಿದೆ. ಅಲ್ಲಿಯ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ವಾಸಿಸುವ ಸೋಲಿಗರಲ್ಲಿಯೂ, ಮೈಸೂರು ಹಾಗೂ ಕೊಡಗು ಜಿಲ್ಲೆಗಳ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಕಾಡಿನ ಸಮುದಾಯಗಳಲ್ಲಿಯೂ ಕುಡುಗೋಲು ಕಣದ ಜೀನು ಇರುವುದು ತಿಳಿದುಬಂದಿದೆ. ಹೆಸರಿನಲ್ಲಿ ಸಾಮ್ಯವಿದ್ದರೂ ಈ ಕಾಡಿನ ಕುರುಬರು ಬೇರೆ, ಬಯಲುಸೀಮೆಯಲ್ಲಿ ಕುರಿ ಕಾಯುವ ಕುರುಬರು ಬೇರೆ ಎಂಬುದನ್ನು ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು. ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರ, ಗುಜರಾತಗಳಲ್ಲಿ ಈ ರೋಗವು ಇನ್ನೂ ವ್ಯಾಪಕವಾಗಿದ್ದು, ಅಲ್ಲಿ ಗಿರಿಜನರಲ್ಲದವರಲ್ಲಿಯೂ ಕಾಣಿಸುವುದು.

ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಆರೋಗ್ಯ ಮತ್ತು ಶಿಕ್ಷಣಗಳಿಗಾಗಿ ದುಡಿದ ಸಂಸ್ಥೆ. ಗಿರಿಜನರಲ್ಲಿಯ ಈ ರಕ್ತರೋಗದ ಕಡೆಗೆ ವೈದ್ಯರ ಗಮನವನ್ನು ಸೆಳೆದುದರಲ್ಲಿ ಅದರ ಪಾತ್ರವೂ ಇದೆ. ಸುದರ್ಶನರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು.

ಭಾರತೀಯ ರೋಗಿಗಳ ರಕ್ತದಲ್ಲಿ ಶೈಶವದ ಹಿಮೋಗ್ಲೋಬಿನ್, ಅಂದರೆ ಗರ್ಭದಲ್ಲಿರುವಾಗ ಇದ್ದ ಬಗೆಯದು, ಸಾಮಾನ್ಯವಾಗಿ ಹೆಚ್ಚಾಗಿ ಉಳಿದಿರುವುದು. ಅದು ಎಳೆಗಳಾಗಿ ಅಂಟಿಕೊಳ್ಳುವುದಿಲ್ಲವಾದುದರಿಂದ ಆಫ್ರಿಕದ ಮೂಲದವರಿಗಿಂತ ಇಲ್ಲಿಯ ಹಲವರಲ್ಲಿ ರೋಗವು ಸೌಮ್ಯವಾಗಿರುವುದು. ಆದರೆ ಸೌಮ್ಯವೆಂಬ ಮಾತು ಮೈಮರೆಸಬಾರದು. ನೋವು ಕಡಿಮೆಯಿದ್ದವನ ರಕ್ತಕಣಗಳೂ ದಿನದಿನವೂ ಒಡೆಯುತ್ತಿರಬಹುದು. ಬಾಲ್ಯವನ್ನು ದಾಟಿ ಪ್ರಾಯಕ್ಕೆ ಬಂದವರಲ್ಲಿಯೇ ಪುಪ್ಪುಸದ ಒತ್ತಡವು ಹೆಚ್ಚಾಗಿ ತಲೆದೋರುವುದು.

ಪುಪ್ಪುಸದ ನಾಳಗಳು ಮತ್ತು ವಿಜಯಪುರದ ಗಂಜುಗಳು

ಹೃದಯವು ಒಂದೇ ಅಂಗವಾದರೂ ಮಾಡುವುದು ಎರಡು ಪಂಪುಗಳ ಕೆಲಸ. ಎಡ ಹೃತ್ಕುಕ್ಷಿಯು ರಕ್ತವನ್ನು ಇಡೀ ದೇಹಕ್ಕೆ ನೂಕುವುದು. ಅದರ ಗೋಡೆಯು ದಪ್ಪ. ಬಲ ಹೃತ್ಕುಕ್ಷಿಯು ರಕ್ತವನ್ನು ಪಕ್ಕದಲ್ಲಿಯೇ ಇರುವ ಪುಪ್ಪುಸಗಳಿಗೆ ನೂಕುವುದು; ಅದರ ಗೋಡೆಯು ತೆಳು. ಎರಡೂ ಕಡೆಯಿಂದ ಹೊರಡುವ ರಕ್ತದ ಪ್ರಮಾಣ ಒಂದೇ, ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರು. ಒತ್ತಡದಲ್ಲಿ ಮಾತ್ರ ಬಹಳ ಅಂತರವಿದೆ. ದೇಹದ ಧಮನಿಗಳಲ್ಲಿ ಸರಾಸರಿ ಒತ್ತಡವು ಪಾದರಸದ 90 ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ, ಪುಪ್ಪುಸ ಧಮನಿಯಲ್ಲಿ ಅದು ಸುಮಾರು 14 ಮಾತ್ರ. ಈ ಸರಾಸರಿಯು 20ನ್ನು ಮೀರಿದರೆ ಅದನ್ನು ಅಧಿಕ ಒತ್ತಡವೆಂದು ಈಗ ಪರಿಗಣಿಸುವರು. 2018ಕ್ಕಿಂತ ಮೊದಲು ಈ ಮಿತಿಯು 25 ಆಗಿತ್ತು.

ಅಷ್ಟೇ ರಕ್ತವು ಅಷ್ಟು ಕಡಿಮೆ ಒತ್ತಡದಲ್ಲಿ ಹರಿಯುವುದು ಹೇಗೆ? ವಿಜಯಪುರದ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯಲು ಊರಿನಲ್ಲಿಯೇ ನಿದರ್ಶನವಿದೆ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಾಲಾಬಿನಿಂದಲೂ ನೆಲದೊಳಗಿನ ಕೊಳವೆಗಳ ಮೂಲಕ ನಗರಕ್ಕೆ ನೀರನ್ನು ತರುತ್ತಿದ್ದರು. ದೂರದಿಂದ ಹರಿದು ಬರುವ ನೀರಿನ ಒತ್ತಡಕ್ಕೆ ಕೊಳವೆಗಳು ಒಡೆಯದಿರಲೆಂದು ನಡುನಡುವೆ ಎತ್ತರದ ಗೋಪುರಗಳನ್ನು ಕಟ್ಟಿದರು. ಗಂಜ್ ಎಂದು ಕರೆಯುವ ಆ ಗೋಪುರಗಳು ಇಂದಿಗೂ ನಗರದಲ್ಲಿ ನಿಂತಿವೆ. ಪುಪ್ಪುಸಗಳಲ್ಲಿಯೂ ಪ್ರಕೃತಿಯು ಒತ್ತಡವನ್ನು ಇಳಿಸುವ ಉಪಾಯವನ್ನಿರಿಸಿದೆ. ರಕ್ತದ ಹರಿವು ಹೆಚ್ಚಾದಾಗ ಮುಚ್ಚಿಕೊಂಡಿದ್ದ ಸಣ್ಣ ನಾಳಗಳು ತೆರೆದುಕೊಳ್ಳುವುವು. ನಾಳಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ರವಿಸಿ ಗೋಡೆಯ ಸ್ನಾಯುವನ್ನು ಸಡಿಲಗೊಳಿಸುವುದು. ಈ ಅನಿಲದ ಮಹತ್ತ್ವವನ್ನು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾಡ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಒತ್ತಡವು ಏರುವ ಕಾರಣಗಳು

ಕುಡುಗೋಲು ಕಣರೋಗವು ಈ ಉಪಾಯವನ್ನೇ ಕೆಡಿಸುವುದು. ಒಡೆದ ಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ಸಿಕ್ಕಲ್ಲಿ ಹಿಡಿದು ನಾಶಮಾಡುವುದು. ಅದೇ ಕಣಗಳಿಂದ ಹೊರಬಿದ್ದ ಆರ್ಜಿನೇಸ್ ಎಂಬ ಕಿಣ್ವವು ಆ ಅನಿಲದ ಉತ್ಪತ್ತಿಗೆ ಬೇಕಾದ ಆರ್ಜಿನೀನನ್ನು ತಿಂದುಹಾಕುವುದು. ಹೀಗೆ ಇದ್ದುದೂ ಹೋಗಿ, ಹೊಸದೂ ಹುಟ್ಟದೆ, ನಾಳಗಳು ಬಿಗಿದುಕೊಳ್ಳುವುವು. ಬಹುಕಾಲ ಬಿಗಿದ ನಾಳದ ಗೋಡೆಯು ದಪ್ಪವಾಗಿ ಒಳದಾರಿಯು ಶಾಶ್ವತವಾಗಿ ಕಿರಿದಾಗುವುದು.

ಇದೊಂದೇ ಕಾರಣವಲ್ಲ. ಈ ರೋಗಿಗಳ ರಕ್ತವು ಬೇಗನೆ ಹೆಪ್ಪುಗಟ್ಟುವ ಸ್ವಭಾವದ್ದು. ಹೆಪ್ಪುಗಳು ಪುಪ್ಪುಸದ ನಾಳಗಳಲ್ಲಿ ಸಿಕ್ಕಿ ಉಳಿಯಬಹುದು. ಗುಲ್ಮವು ಬಾಲ್ಯದಲ್ಲಿಯೇ ನಿಷ್ಕ್ರಿಯವಾಗುವುದರಿಂದ ಮುರುಕು ಕಣಗಳನ್ನು ಸೋಸುವವರಿಲ್ಲದಂತಾಗಿ ಈ ಸ್ವಭಾವವು ಹೆಚ್ಚುವುದು. ಎದೆಯಲ್ಲಿ ಪದೇ ಪದೇ ಕಾಣಿಸುವ ತೀವ್ರ ಬಾಧೆಯಿಂದ ಪುಪ್ಪುಸದ ಅಂಗಾಂಶವು ಗಾಯಗೊಂಡು ಆಮ್ಲಜನಕದ ಕೊರತೆಯಾಗುವುದು. ಇದಲ್ಲದೆ ರಕ್ತಹೀನತೆಯನ್ನು ಸರಿದೂಗಿಸಲು ಹೃದಯವು ಹುಟ್ಟಿನಿಂದಲೂ ಹೆಚ್ಚು ದುಡಿಯಬೇಕಾಗುವುದರಿಂದ ಎಡ ಹೃತ್ಕುಕ್ಷಿಯು ಬಿರುಸಾಗಿ, ಪುಪ್ಪುಸದಿಂದ ಮರಳುವ ರಕ್ತವನ್ನು ಸಲೀಸಾಗಿ ತುಂಬಿಕೊಳ್ಳಲಾರದು. ಆಗ ಒತ್ತಡವು ಹಿಂದಕ್ಕೆ ಸರಿದು ಪುಪ್ಪುಸದಲ್ಲಿ ನಿಲ್ಲುವುದು. ಹೀಗೆ ದೋಷವು ನಾಳಗಳಲ್ಲಿರಬಹುದು, ಅಥವಾ ಎಡ ಹೃದಯದಲ್ಲಿರಬಹುದು, ಎರಡರಲ್ಲಿಯೂ ಇರಬಹುದು. ಚಿಕಿತ್ಸೆಯು ಇದನ್ನವಲಂಬಿಸಿರುವುದರಿಂದ ಈ ವಿವೇಚನೆಯು ಮುಖ್ಯವಾದುದು.

ಕಾರಣ ಯಾವುದೇ ಇರಲಿ, ಭಾರವು ಬೀಳುವುದು ತೆಳುಗೋಡೆಯ ಬಲ ಹೃತ್ಕುಕ್ಷಿಯ ಮೇಲೆ. ಅದು ಮೊದಲು ದಪ್ಪವಾಗಿ ಹೋರಾಡುವುದು, ಬಳಿಕ ಹಿಗ್ಗಿ ಸೋಲುವುದು.

ಲಕ್ಷಣಗಳು

ಅರಕೇರಿಯ ಅಮೋಘಸಿದ್ಧನ ಗುಡ್ಡವನ್ನು ಬಿರುಸಾಗಿ ಹತ್ತಿದ ಆರೋಗ್ಯವಂತನಿಗೂ ಏದುಸಿರು ಬರುವುದು. ಈ ಭಾಗದ ಜನ ಅದನ್ನು ‘ದಮ್ಮು ಹತ್ತುವುದು’ ಎನ್ನುವರು. ಸ್ವಲ್ಪ ನಿಂತರೆ ಅದು ಇಳಿಯುವುದು. ಪುಪ್ಪುಸದ ಒತ್ತಡವಿದ್ದವನ ಏದುಸಿರಿನ ರೀತಿಯೇ ಬೇರೆ. ಹೋದ ವರ್ಷ ಸಲೀಸಾಗಿ ಏರಿದ ದಿಣ್ಣೆಯಲ್ಲಿ ಈ ವರ್ಷ ಎರಡು ಸಲ ನಿಲ್ಲಬೇಕಾಗುವುದು. ಮುಂದೆ ಸಮನೆಲದ ಮೇಲೆಯೂ ಉಸಿರು ಸಾಲದಾಗುವುದು. ಅತಿಯಾದ ದಣಿವು, ಎದೆಬಡಿತ, ಶ್ರಮಪಟ್ಟಾಗ ಎದೆನೋವು, ತಲೆಸುತ್ತಿ ಬೀಳುವುದು, ಪಾದಗಳಲ್ಲಿ ಬಾವು, ಕುತ್ತಿಗೆಯ ಅಭಿಧಮನಿಗಳು ಉಬ್ಬುವುದು ಇವು ಕ್ರಮವಾಗಿ ತೋರುವ ಚಿಹ್ನೆಗಳು.

ಇಲ್ಲಿರುವ ಅಪಾಯವೆಂದರೆ ಈ ಲಕ್ಷಣಗಳಿಗೆಲ್ಲ ಬೇರೊಂದು ಕಾರಣವು ಸಿದ್ಧವಾಗಿಯೇ ಇರುವುದು. ರೋಗಿಗೆ ರಕ್ತಹೀನತೆಯಿದೆ, ‘ರಕ್ತ ಕಡಿಮೆಯಿದೆ, ಆದುದರಿಂದ ದಣಿವು’ ಎಂದು ಹೇಳಿ ಸುಮ್ಮನಾಗುವುದು ಸುಲಭ. ರೋಗಿಯೂ ತನ್ನ ನಡಿಗೆಯನ್ನು ನಿಧಾನ ಮಾಡಿಕೊಂಡು, ಮೇಲಿನ ಹೊಲಕ್ಕೆ ಹೋಗುವುದನ್ನು ಬಿಟ್ಟು, ಏದುಸಿರು ಬಾರದಂತೆ ತನ್ನ ಬಾಳನ್ನೇ ಕಿರಿದು ಮಾಡಿಕೊಳ್ಳುವನು. ‘ಏದುಸಿರು ಬರುವುದೇ?’ ಎಂದರೆ ಇಲ್ಲವೆನ್ನುವನು. ‘ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟೆ?’ ಎಂದು ಕೇಳಿದರೆ ಮಾತ್ರ ನಿಜವು ಹೊರಬೀಳುವುದು. ಬೆಟ್ಟದ ಹಾದಿಯಲ್ಲಿ ದಿನವೂ ಏರಿ ಇಳಿಯಬೇಕಾದ ಸೋಲಿಗರಂತಹ ಜನರಿಗೆ ಈ ಪ್ರಶ್ನೆಯು ಒಂದು ಉಪಕರಣದಷ್ಟೇ ಬೆಲೆಯುಳ್ಳದ್ದು.

ಪರೀಕ್ಷಾ ವಿಧಾನ

ಸಂಶಯ ಬಂದಾಗ ಮೊದಲು ಮಾಡುವುದು ಎಕೋ ಪರೀಕ್ಷೆ. ಶಬ್ದತರಂಗಗಳಿಂದ ಹೃದಯದ ಚಿತ್ರವನ್ನು ಪಡೆಯುವ ಈ ಕ್ರಮದಲ್ಲಿ ನೋವಿಲ್ಲ, ಚುಚ್ಚುವುದಿಲ್ಲ. ಬಲಗಡೆಯ ತ್ರಿದಳ ಕವಾಟದಿಂದ ಹಿಂದಕ್ಕೆ ಚಿಮ್ಮುವ ರಕ್ತದ ವೇಗವನ್ನು ಇದರಲ್ಲಿ ಅಳೆಯುವರು. ವೇಗದಿಂದ ಒತ್ತಡವನ್ನು ತಿಳಿಯುವ ಸೂತ್ರವು ಪ್ರೌಢಶಾಲೆಯ ವಿದ್ಯಾರ್ಥಿಗೂ ಎಟುಕುವಂತಹುದು: ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಬೇಕು. ವೇಗವು ಸೆಕೆಂಡಿಗೆ 2.5 ಮೀಟರಾದರೆ 2.5×2.5×4, ಅಂದರೆ 25 ಮಿಲಿಮೀಟರು. 3 ಮೀಟರಾದರೆ 36. ಇದಕ್ಕೆ ಹೃತ್ಕರ್ಣದ ಒತ್ತಡವನ್ನು ಕೂಡಿಸಿದರೆ ಪುಪ್ಪುಸ ಧಮನಿಯಲ್ಲಿ ಹೃದಯವು ಸಂಕುಚಿಸಿದಾಗಿನ ಒತ್ತಡದ ಅಂದಾಜು ದೊರೆಯುವುದು.

2004ರಲ್ಲಿ ಅಮೆರಿಕದಲ್ಲಿ ಗ್ಲಾಡ್ವಿನ್ ಮತ್ತು ಸಂಗಡಿಗರು 195 ವಯಸ್ಕ ರೋಗಿಗಳನ್ನು ಪರೀಕ್ಷಿಸಿ, ನೂರಕ್ಕೆ 32ರಷ್ಟು ಜನರಲ್ಲಿ ಈ ವೇಗವು 2.5 ಅಥವಾ ಅದಕ್ಕೂ ಹೆಚ್ಚಾಗಿರುವುದನ್ನೂ, ಅಂತಹವರಲ್ಲಿ ಮರಣದ ಸಂಭವವು ಉಳಿದವರ ಸುಮಾರು ಹತ್ತುಪಟ್ಟಾಗಿರುವುದನ್ನೂ ಪ್ರಕಟಿಸಿದರು. ವೈದ್ಯಲೋಕವು ಈ ತೊಡಕಿನತ್ತ ತಿರುಗಿ ನೋಡಿದ್ದು ಮುಖ್ಯವಾಗಿ ಆಗ. ಆದರೆ ಎಕೋ ನೀಡುವುದು ಸೂಚನೆಯನ್ನು, ನಿರ್ಣಯವನ್ನಲ್ಲ. 2011ರಲ್ಲಿ ಫ್ರಾನ್ಸಿನ ವೈದ್ಯರು 398 ರೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 27ರಷ್ಟು ಜನರಲ್ಲಿ ವೇಗವು ಹೆಚ್ಚಾಗಿ ಕಂಡಿತು. ನಾಳದ ಮೂಲಕ ಹೃದಯಕ್ಕೆ ಸಣ್ಣ ಕೊಳವೆಯನ್ನು ಸೇರಿಸಿ ಒತ್ತಡವನ್ನು ನೇರವಾಗಿ ಅಳೆದಾಗ ಅಧಿಕ ಒತ್ತಡವು ಖಚಿತವಾದುದು ಒಟ್ಟು ರೋಗಿಗಳಲ್ಲಿ ನೂರಕ್ಕೆ 6ರಷ್ಟು ಜನರಲ್ಲಿ ಮಾತ್ರ. ರಕ್ತಹೀನತೆಯಿಂದ ರಕ್ತದ ಓಟವೇ ಹೆಚ್ಚಾಗಿರುವವರಲ್ಲಿ ಎಕೋ ಹೀಗೆ ಭ್ರಮೆ ಹುಟ್ಟಿಸಬಲ್ಲುದು. ಆದುದರಿಂದ ‘ಕ್ಯಾಥೆಟರ್’ ಪರೀಕ್ಷೆಯಿಲ್ಲದೆ ಈ ರೋಗವಿದೆಯೆಂದು ನಿಶ್ಚಯಿಸಲಾಗದು; ದೋಷವು ನಾಳಗಳದೋ ಎಡ ಹೃದಯದ್ದೋ ಎಂಬುದೂ ಅದರಿಂದಲೇ ತಿಳಿಯತಕ್ಕದ್ದು. ಬೆಟ್ಟದ ಜನರು ಇದಕ್ಕಾಗಿ ಮೈಸೂರಿನಂತಹ ನಗರದ ಹೃದ್ರೋಗ ಆಸ್ಪತ್ರೆಗೆ ಹೋಗಬೇಕಾಗುವುದು.

ಹಾಗಾದರೆ ಎಲ್ಲ ರೋಗಿಗಳಿಗೂ ಎಕೋ ಮಾಡಿಸಬೇಕೇ? ಅಮೆರಿಕದ ರಕ್ತರೋಗ ತಜ್ಞರ ಸಂಘವು 2019ರಲ್ಲಿ ನೀಡಿದ ಸಲಹೆಯಂತೆ, ಯಾವ ಲಕ್ಷಣವೂ ಇಲ್ಲದವರಿಗೆ ಅದನ್ನು ವಾಡಿಕೆಯಾಗಿ ಮಾಡಬೇಕಾಗಿಲ್ಲ. ಆದರೆ ಲಕ್ಷಣವಿಲ್ಲವೆಂದು ಹೇಳಬೇಕಾದರೆ ಮೊದಲು ಲಕ್ಷಣವನ್ನು ವಿಚಾರಿಸಿರಬೇಕಷ್ಟೆ. ಪ್ರತಿ ಭೇಟಿಯಲ್ಲಿಯೂ ಉಸಿರಾಟ, ದಣಿವು, ಬಾವುಗಳನ್ನು ಕುರಿತು ಕೇಳುವುದೂ, ರೋಗಿಯನ್ನು ಆರು ನಿಮಿಷ ನಡೆಸಿ ಕ್ರಮಿಸಿದ ದೂರವನ್ನು ಬರೆದಿಡುವುದೂ ಬಡ ಆಸ್ಪತ್ರೆಗೂ ಸಾಧ್ಯವಾದ ಕಾರ್ಯಗಳು.

ಚಿಕಿತ್ಸೆ ಮತ್ತು ಎಚ್ಚರಿಕೆ

ಒತ್ತಡವನ್ನು ಇಳಿಸುವ ಔಷಧಿಯಿದ್ದರೆ ಕೊಟ್ಟುಬಿಡಬಹುದಲ್ಲವೇ ಎಂದು ವಾಚಕರು ಕೇಳಬಹುದು. ಇತರ ಕಾರಣಗಳಿಂದ ಬಂದ ಪುಪ್ಪುಸದ ಒತ್ತಡಕ್ಕೆ ಸಿಲ್ಡೆನಾಫಿಲ್ ಎಂಬ ಔಷಧಿಯು ಉಪಯುಕ್ತವಾದುದು. ಅದನ್ನು ಕುಡುಗೋಲು ಕಣರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗವೊಂದನ್ನು 74 ಜನರು ಸೇರುವಷ್ಟರಲ್ಲಿಯೇ ನಿಲ್ಲಿಸಬೇಕಾಯಿತು. ಅದರ ವರದಿಯು 2011ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರಲ್ಲಿ ನೂರಕ್ಕೆ 45 ಜನರಿಗೆ ತೀವ್ರ ತೊಂದರೆಗಳಾದವು, ಪಡೆಯದವರಲ್ಲಿ 22 ಜನರಿಗೆ. ಆ ತೊಂದರೆಗಳಲ್ಲಿ ಮುಖ್ಯವಾದುದು ನೋವಿನ ಬಾಧೆಯೇ. ಒಂದು ರೋಗಕ್ಕೆ ಹಿತವಾದುದು ಅದನ್ನೇ ಹೋಲುವ ಇನ್ನೊಂದಕ್ಕೆ ಅಹಿತವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂತಹ ಔಷಧಿಗಳನ್ನು ತಜ್ಞರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ.

ಆದುದರಿಂದ ಚಿಕಿತ್ಸೆಯು ಮೂಲರೋಗದಿಂದಲೇ ಆರಂಭವಾಗಬೇಕು. ಹೈಡ್ರಾಕ್ಸಿಯೂರಿಯ ಎಂಬ ಗುಳಿಗೆಯು ಶೈಶವದ ಹಿಮೋಗ್ಲೋಬಿನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನೂ ಒಡೆಯುವುದನ್ನೂ ಕಡಿಮೆ ಮಾಡುವುದು. 1995ರಲ್ಲಿ ಪ್ರಕಟವಾದ, 299 ವಯಸ್ಕರನ್ನೊಳಗೊಂಡ ಪ್ರಯೋಗದಲ್ಲಿ ನೋವಿನ ಬಾಧೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದುವು. ಇದನ್ನು ದಿನವೂ ಸೇವಿಸಬೇಕು; ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು; ನೋವಿಲ್ಲವೆಂದು ನಡುವೆ ಬಿಡಬಾರದು. ಕೆಲವರಿಗೆ ನಿಯತವಾಗಿ ರಕ್ತವನ್ನು ಕೊಡಬೇಕಾಗುವುದು. ಆಮ್ಲಜನಕದ ಕೊರತೆಯಿದ್ದವರಿಗೆ ಆಮ್ಲಜನಕ, ಹೆಪ್ಪುಗಳಿದ್ದವರಿಗೆ ಹೆಪ್ಪುಗಟ್ಟದಂತೆ ಮಾಡುವ ಔಷಧಿ, ದೇಹದಲ್ಲಿ ನೀರು ನಿಂತವರಿಗೆ ಅದನ್ನು ಇಳಿಸುವ ಔಷಧಿ ಹೀಗೆ ಒಬ್ಬೊಬ್ಬರ ಸ್ಥಿತಿಯನ್ನು ನೋಡಿ ವೈದ್ಯರು ನಿರ್ಧರಿಸುವರು. ಧೂಮಪಾನವನ್ನು ಸಂಪೂರ್ಣ ವರ್ಜಿಸಬೇಕು. ಪುಪ್ಪುಸದ ಒತ್ತಡವಿರುವ ಸ್ತ್ರೀಯರಿಗೆ ಗರ್ಭಧಾರಣೆಯು ಪ್ರಾಣಾಪಾಯವನ್ನು ತರಬಹುದಾದುದರಿಂದ ಮೊದಲೇ ತಜ್ಞರೊಡನೆ ವಿಚಾರ ಮಾಡಬೇಕು. ಅಸ್ಥಿಮಜ್ಜೆಯ ಕಸಿಯಿಂದ ಮೂಲರೋಗವನ್ನೇ ಗುಣಪಡಿಸಬಹುದು. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಜೀನನ್ನು ತಿದ್ದುವ ಚಿಕಿತ್ಸೆಗೂ ಅನುಮತಿಯನ್ನಿತ್ತುವು. ಆದರೆ ಕಾಡಿನ ಪೋಡಿನಲ್ಲಿರುವವನಿಗೆ ಇಂದು ಕೈಗೆ ಎಟುಕುವುದು ದಿನಕ್ಕೊಂದು ಸಲದ ಗುಳಿಗೆ ಮತ್ತು ತಪ್ಪದ ತಪಾಸಣೆ.

ಮಾಡಬೇಕಾದುದು

ಭಾರತ ಸರಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನ ಅಭಿಯಾನವನ್ನು ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು, 2047ರೊಳಗೆ ಈ ರೋಗವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಅದರ ಗುರಿ. ಪರೀಕ್ಷೆಯಾದವರಿಗೆ ತಮ್ಮ ಸ್ಥಿತಿಯನ್ನು ತಿಳಿಸುವ ಕಾರ್ಡನ್ನು ಕೊಡಲಾಗುವುದು. ವಾಹಕರಿಬ್ಬರು ವಿವಾಹದ ಮೊದಲೇ ವಿಷಯವನ್ನು ತಿಳಿದಿದ್ದರೆ ಮುಂದಿನ ಪೀಳಿಗೆಯನ್ನು ಕುರಿತು ಆಲೋಚಿಸಲು ಅವಕಾಶವಾಗುವುದು. ಆದರೆ ಆ ಕಾರ್ಡು ಯಾರನ್ನಾದರೂ ಹೀನವಾಗಿ ಕಾಣುವ ಗುರುತಿನ ಚೀಟಿಯಾಗಬಾರದು. ಅಲ್ಲದೆ, ಎಣಿಕೆಯಿಂದಲೇ ಕೆಲಸವು ಮುಗಿಯುವುದಿಲ್ಲ. ಈಗಾಗಲೇ ರೋಗದೊಡನೆ ಹುಟ್ಟಿ ಪ್ರಾಯಕ್ಕೆ ಬಂದಿರುವವರ ಉಸಿರಿನ ವಿಚಾರಣೆಯೂ ಅದರೊಂದಿಗೆ ನಡೆಯಬೇಕು.

ಅರಕೇರಿಯಿಂದ ಬಿಳಿಗಿರಿರಂಗನ ಬೆಟ್ಟವು ರಾಜ್ಯದ ಇನ್ನೊಂದು ತುದಿಯಲ್ಲಿದೆ. ಆದರೂ ಈ ವಿಷಯವು ಇಲ್ಲಿಯ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ವಿಜಯಪುರದಲ್ಲಿಯೇ ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಇಲ್ಲಿ ಓದಿದವರು ವೈದ್ಯರಾಗಿ, ದಾದಿಯರಾಗಿ, ಶಿಕ್ಷಕರಾಗಿ, ಸರಕಾರಿ ನೌಕರರಾಗಿ ನಾಡಿನ ಯಾವ ಮೂಲೆಗಾದರೂ ಹೋಗಬಹುದು. ಅಂತಹವರಲ್ಲೊಬ್ಬರು ಮುಂದೊಂದು ದಿನ ಕಾಡಿನಂಚಿನ ಆರೋಗ್ಯ ಕೇಂದ್ರದಲ್ಲಿಯೋ ಆಶ್ರಮಶಾಲೆಯಲ್ಲಿಯೋ ಕುಳಿತಾಗ, ಕಣ್ಣು ಹಳದಿಯಾದ, ಮೆಲ್ಲಗೆ ನಡೆದು ಬರುವ ತರುಣನೊಬ್ಬನು ಎದುರಿಗೆ ನಿಲ್ಲಬಹುದು. ನೋವಿಲ್ಲವೆಂದು ಅವನು ಹೇಳಬಹುದು. ಅಷ್ಟಕ್ಕೇ ಅವನನ್ನು ಕಳುಹಿಸದೆ, ಹೋದ ವರ್ಷ ಏರುತ್ತಿದ್ದ ದಿಣ್ಣೆಯನ್ನು ಈ ವರ್ಷವೂ ಏರುವನೇ ಎಂದು ಕೇಳಿ, ಉತ್ತರವನ್ನು ಬರೆದುಕೊಂಡು, ಬೇಕಾದಲ್ಲಿ ಎಕೋ ಪರೀಕ್ಷೆಗೆ ಕಳುಹಿಸಿಕೊಡುವುದು ಅವರ ಕರ್ತವ್ಯ.